ಕೃತಕ ಮೂತ್ರಪಿಂಡದ ಶಿಲ್ಪಿ ವಿಲೆಮ್ ಕೋಲ್ಫ್: ಕಾಂಪೆನ್‌ನಿಂದ ತಾಲ್ಲೂಕು ಆಸ್ಪತ್ರೆಯವರೆಗೆ

ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್ ದೂರ. ಮದುವೆಗೋ, ಕಚೇರಿ ಕೆಲಸಕ್ಕೋ ಹೋಗಿಬರುವವರಿಗೆ ಇದೇನೂ ದೊಡ್ಡ ದೂರವಲ್ಲ. ಆದರೆ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ರೋಗಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗಬೇಕು. ಹೋಗುವ ದಾರಿ, ಬರುವ ದಾರಿ ಸೇರಿಸಿದರೆ ವಾರಕ್ಕೆ 900 ಕಿಲೋಮೀಟರ್ ಪ್ರಯಾಣ. ಪ್ರತಿ ಸಲವೂ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿರಬೇಕು, ಜೊತೆಗೆ ಬಂದವರ ಒಂದು ದಿನದ ಕೂಲಿಯೂ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಜಿಲ್ಲಾ ಕೇಂದ್ರಕ್ಕೆ, ಆಮೇಲೆ ತಾಲ್ಲೂಕು ಮಟ್ಟಕ್ಕೆ ಇಳಿದು ಬರುವವರೆಗೆ ಹಾಸನ, ಹೊಳೆನರಸೀಪುರ, ಅರಕಲಗೂಡು ಭಾಗದ ಕುಟುಂಬಗಳಿಗೆ ಉಳಿದಿದ್ದ ದಾರಿಗಳು ಎರಡೇ. ಜಮೀನು ಮಾರಿ ನಗರದಲ್ಲಿ ಕೋಣೆ ಬಾಡಿಗೆಗೆ ಹಿಡಿಯುವುದು ಒಂದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳುವುದು ಇನ್ನೊಂದು.

ಈ ಯಂತ್ರದ ಮೂಲ ಯಾವುದೋ ಬೃಹತ್ ಕಂಪನಿಯ ಪ್ರಯೋಗಾಲಯವಲ್ಲ. ನಾತ್ಸಿ ಸೇನೆಯ ಹಿಡಿತದಲ್ಲಿದ್ದ ಹಾಲೆಂಡ್‌ನ ಕಾಂಪೆನ್ ಎಂಬ ಪುಟ್ಟ ಪಟ್ಟಣದ ಆಸ್ಪತ್ರೆಯಲ್ಲಿ, ಮರದ ಪಟ್ಟಿ, ಸಾಸೇಜ್ ಹೊದಿಕೆ, ಮೋಟಾರು ಕಾರಿನ ಬಿಡಿಭಾಗದ ಮಾದರಿ ಮತ್ತು ಪಾತ್ರೆ ಕಾರ್ಖಾನೆಯೊಂದರ ನೆರವಿನಿಂದ ಅದು ರೂಪುಗೊಂಡಿತು. ಕಟ್ಟಿದವರು ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ವೈದ್ಯ ವಿಲೆಮ್ ಯೋಹಾನ್ ಕೋಲ್ಫ್.

ಕೋಲ್ಫ್ 1911ರ ಫೆಬ್ರವರಿ 14ರಂದು ಲೈಡನ್ ನಗರದಲ್ಲಿ ಜನಿಸಿದರು. ತಂದೆಯೂ ವೈದ್ಯರು, ಬೇಕ್‌ಬರ್ಗೆನ್ ಎಂಬಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವನ್ನು ನಡೆಸುತ್ತಿದ್ದರು. ಕ್ಷಯಕ್ಕೆ ಇನ್ನೂ ಔಷಧವಿಲ್ಲದ ಕಾಲವದು. ರೋಗಿಗಳು ಕಣ್ಣೆದುರೇ ಸಾಯುವುದನ್ನೂ, ಅದರಿಂದ ತಂದೆ ಕುಗ್ಗುವುದನ್ನೂ ಕಂಡಿದ್ದ ಹುಡುಗನಿಗೆ ವೈದ್ಯನಾಗುವ ಮನಸ್ಸಿರಲಿಲ್ಲ, ಮೃಗಾಲಯದ ನಿರ್ದೇಶಕನಾಗುವ ಆಸೆಯಿತ್ತು. ಓದು ಬರಹದಲ್ಲಿ ತೊಡಕೂ ಇತ್ತು. ಅದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆಯೆಂದು ಅವರಿಗೆ ಬಹಳ ತಡವಾಗಿ ತಿಳಿಯಿತು. ಬಾಲ್ಯದಲ್ಲಿ ಬಡಗಿಯೊಬ್ಬರ ಬಳಿ ಕಲಿತ ಮರಗೆಲಸ ಮಾತ್ರ ಮುಂದೆ ಬಹಳ ಉಪಯೋಗಕ್ಕೆ ಬಂದಿತು. ಕೊನೆಗೆ ತಂದೆಯ ಹಾದಿಯನ್ನೇ ಹಿಡಿದು ಲೈಡನ್‌ನಲ್ಲಿ ವೈದ್ಯಕೀಯ ಓದಿದರು. 1937ರಲ್ಲಿ ಯಾಂಕೆ ಹಾವ್ಡೆಕೂಪರ್ ಅವರನ್ನು ವಿವಾಹವಾದರು, ಮರುವರ್ಷ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕಿರಿಯ ಸಹಾಯಕರಾಗಿ ಸೇರಿದರು.

ಅಲ್ಲಿ ಅವರ ಉಸ್ತುವಾರಿಗೆ ಬಂದ ಮೊದಲ ರೋಗಿಗಳಲ್ಲಿ 22 ವರ್ಷದ ರೈತ ಯುವಕನೊಬ್ಬನಿದ್ದ. ಮೂತ್ರಪಿಂಡ ವಿಫಲವಾಗಿ ದೃಷ್ಟಿ ಮಂದವಾಗಿತ್ತು, ವಾಂತಿ ನಿಲ್ಲುತ್ತಿರಲಿಲ್ಲ. ಮಾಡುವುದಕ್ಕೆ ಏನೂ ಇರಲಿಲ್ಲ. ಆತನ ತಾಯಿ ಹಳ್ಳಿಯ ಹೆಂಗಸು, ಬೆನ್ನು ಬಾಗಿದ ಬಡವಿ. ಇದ್ದ ಒಬ್ಬನೇ ಮಗ ಬದುಕುವುದಿಲ್ಲವೆಂದು ಆಕೆಗೆ ತಿಳಿಸುವ ಕೆಲಸ ಕೋಲ್ಫ್ ಅವರ ಪಾಲಿಗೆ ಬಂದಿತು. ದಿನಕ್ಕೆ ಇಪ್ಪತ್ತು ಗ್ರಾಂನಷ್ಟು ಯೂರಿಯಾವನ್ನು ರಕ್ತದಿಂದ ಹೊರತೆಗೆಯಲು ಸಾಧ್ಯವಾಗಿದ್ದರೆ ಈ ಹುಡುಗ ಉಳಿಯಬಹುದಿತ್ತೆಂಬ ಸರಳ ಲೆಕ್ಕ ಅವರ ತಲೆಯಲ್ಲಿ ಹೊಕ್ಕಿತು. ಆ ಲೆಕ್ಕ ಹೋದದ್ದೇ ಇಲ್ಲ.

ಕಲ್ಪನೆ ಹೊಸದೇನೂ ಆಗಿರಲಿಲ್ಲ. ಪೊರೆಯೊಂದರ ಮೂಲಕ ಸಣ್ಣ ಕಣಗಳು ದಾಟುವ, ದೊಡ್ಡ ಕಣಗಳು ಉಳಿಯುವ ಕ್ರಿಯೆಗೆ ಡಯಾಲಿಸಿಸ್ ಎಂಬ ಹೆಸರನ್ನು ಸ್ಕಾಟ್ಲೆಂಡ್‌ನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ 1861ರಲ್ಲೇ ಕೊಟ್ಟಿದ್ದರು. 1913ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ ಏಬಲ್ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ್ದರು. ರಕ್ತ ಹೆಪ್ಪುಗಟ್ಟದಿರಲು ಅವರು ಬಳಸಿದ್ದು ಜಿಗಣೆಯಿಂದ ತೆಗೆದ ಸತ್ವವನ್ನು! ಜರ್ಮನಿಯ ಗೆಯೊರ್ಗ್ ಹಾಸ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮೇಲೆ ಯತ್ನಿಸಿ, ಫಲ ಕಾಣದೆ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿದ್ದರು. ಕೋಲ್ಫ್ ಅವರ ಕಾಲಕ್ಕೆ ಒದಗಿದ ಅದೃಷ್ಟ ಎರಡು. ಹೆಪಾರಿನ್ ಎಂಬ ಔಷಧ ಸಿಗತೊಡಗಿತ್ತು, ಸಾಸೇಜ್ ತುಂಬಲು ಬಳಸುವ ಸೆಲ್ಲೊಫೇನ್ ಕೊಳವೆ ಮಾರುಕಟ್ಟೆಗೆ ಬಂದಿತ್ತು. ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಬ್ರಿಂಕ್‌ಮನ್ ಅವರಿಂದ ಸೆಲ್ಲೊಫೇನ್‌ನ ಗುಣವನ್ನು ತಿಳಿದ ಕೋಲ್ಫ್, ಸಣ್ಣ ತುಂಡಿನಲ್ಲಿ ಸ್ವಲ್ಪ ರಕ್ತ ತುಂಬಿ, ಅದಕ್ಕೆ ಯೂರಿಯಾ ಬೆರೆಸಿ, ಉಪ್ಪುನೀರಿನಲ್ಲಿ ಅದ್ದಿ ಅಲುಗಾಡಿಸಿದರು. ಸ್ವಲ್ಪ ಹೊತ್ತಿನಲ್ಲೇ ಯೂರಿಯಾ ಹೆಚ್ಚುಕಡಿಮೆ ಪೂರ್ತಿ ನೀರಿಗೆ ಇಳಿದಿತ್ತು. ಅಲ್ಲಿಂದ ಮುಂದೆ ಅದು ಅಳತೆಯ ಪ್ರಶ್ನೆಯಾಯಿತು. ಎಷ್ಟು ಉದ್ದದ ಕೊಳವೆ ಬೇಕು, ಎಷ್ಟು ನೀರು ಬೇಕು, ಎಷ್ಟು ಹೊತ್ತು ಅಲುಗಾಡಿಸಬೇಕು?

ಅಷ್ಟರಲ್ಲಿ ಯುದ್ಧ ಬಂದಿತು. 1940ರ ಮೇ 10ರಂದು ಜರ್ಮನ್ ಸೇನೆ ಹಾಲೆಂಡ್‌ಗೆ ನುಗ್ಗಿದ ದಿನ ಕೋಲ್ಫ್ ದಂಪತಿ ಬಂಧುವೊಬ್ಬರ ಅಂತ್ಯಕ್ರಿಯೆಗೆಂದು ಹೇಗ್ ನಗರದಲ್ಲಿದ್ದರು. ಬಾಂಬ್ ಬೀಳುವುದನ್ನು ಕಂಡ ಅವರು ಅಂತ್ಯಕ್ರಿಯೆಯನ್ನು ಅಲ್ಲಿಗೇ ಬಿಟ್ಟು ನಗರದ ಪ್ರಮುಖ ಆಸ್ಪತ್ರೆಗೆ ಹೋಗಿ, ರಕ್ತನಿಧಿ ಸ್ಥಾಪಿಸಲು ತಮಗೆ ಅವಕಾಶ ಕೊಡಬೇಕೆಂದು ಕೇಳಿದರು. ಮೋಟಾರು ಕಾರು, ಜೊತೆಗೊಬ್ಬ ಸೈನಿಕ, ಕೊಳ್ಳಲು ಪರವಾನಗಿ ಸಿಕ್ಕವು. ಗುಂಡಿನ ಸದ್ದಿನ ನಡುವೆಯೇ ಅಂಗಡಿ ಅಂಗಡಿ ಸುತ್ತಿ ಬಾಟಲಿ, ಕೊಳವೆ, ಸೂಜಿ ಸಂಗ್ರಹಿಸಿ ನಾಲ್ಕು ದಿನಗಳಲ್ಲಿ ರಕ್ತನಿಧಿಯನ್ನು ನಡೆಸತೊಡಗಿದರು. ಆತುರದಲ್ಲಿ, ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸುವ ಅವರ ಸ್ವಭಾವ ಮುಂದೆಯೂ ಬದಲಾಗಲಿಲ್ಲ.

ಗ್ರೋನಿಂಗೆನ್‌ನಲ್ಲಿ ಅವರ ಗುರುಗಳಾಗಿದ್ದ ಪ್ರೊ. ಪೊಲಾಕ್ ಡೇನಿಯಲ್ಸ್ ಯಹೂದಿ. ಹಾಲೆಂಡ್ ಶರಣಾದ ಮೇಲೆ ಅವರೂ ಅವರ ಪತ್ನಿಯೂ ಆತ್ಮಹತ್ಯೆ ಮಾಡಿಕೊಂಡರು. ಆ ಸ್ಥಾನಕ್ಕೆ ನಾತ್ಸಿ ಪಕ್ಷದವರೊಬ್ಬರು ಬಂದರು. ಅವರ ಕೈಕೆಳಗೆ ದುಡಿಯಲು ಇಷ್ಟವಿಲ್ಲದೆ ಕೋಲ್ಫ್ 1941ರಲ್ಲಿ ವಿಶ್ವವಿದ್ಯಾಲಯವನ್ನೇ ತೊರೆದು ಐಸಲ್ ನದಿಯ ದಡದ ಕಾಂಪೆನ್‌ಗೆ ಬಂದರು. ಸಂಶೋಧನೆಗೆ ಅನುಕೂಲವಿದ್ದ ಜಾಗ ಅದಲ್ಲ. ದೊಡ್ಡ ಸಂಸ್ಥೆಯಲ್ಲೇ ಉಳಿದಿದ್ದರೆ ಕೃತಕ ಮೂತ್ರಪಿಂಡ ಬೇಗ ತಯಾರಾಗುತ್ತಿತ್ತೇ ಎಂದು ಯಾರಾದರೂ ಕೇಳಬಹುದು. ನನಗೆ ಅನ್ನಿಸುವುದು ಬೇರೆ. ತಲೆಹಾಕುವ ಮೇಲಧಿಕಾರಿಗಳಿಲ್ಲದ ಸಣ್ಣ ಊರಿನಲ್ಲಿ, ಒಂದಾದ ಮೇಲೊಂದು ಸೋಲನ್ನು ಸಹಿಸುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿತು.

ಕಾಂಪೆನ್‌ನಲ್ಲಿ ಎನಾಮಲ್ ಪಾತ್ರೆ ತಯಾರಿಸುವ ಕಾರ್ಖಾನೆಯಿತ್ತು. ಅದರ ನಿರ್ದೇಶಕ ಹೆಂಡ್ರಿಕ್ ಬೆರ್ಕ್ ಕೋಲ್ಫ್ ಅವರ ಜೊತೆಗೂಡಿದರು. ಜರ್ಮನರ ಕಣ್ತಪ್ಪಿಸಿ ಲೋಹ ಹೊಂದಿಸಬೇಕಿತ್ತು. ಯಂತ್ರದ ರಚನೆ ಹೀಗಿತ್ತು: ಅಡ್ಡಲಾಗಿ ಮಲಗಿಸಿದ ದೊಡ್ಡ ಪೀಪಾಯಿಯಂಥ ಮರದ ಪಟ್ಟಿಗಳ ಉರುಳೆ. ಅದರ ಸುತ್ತ ಹತ್ತಾರು ಮೀಟರ್ ಸೆಲ್ಲೊಫೇನ್ ಕೊಳವೆ. ಉರುಳೆಯ ಕೆಳಭಾಗ ನೂರು ಲೀಟರ್ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ. ಉರುಳೆ ತಿರುಗಿದಂತೆ ರಕ್ತ ತನ್ನ ಭಾರದಿಂದಲೇ ಕೊಳವೆಯೊಳಗೆ ಮುಂದೆ ಸಾಗುತ್ತದೆ, ವಿಷ ನೀರಿಗೆ ಇಳಿಯುತ್ತದೆ. ತಿರುಗುವ ಉರುಳೆಗೂ ನಿಂತಿರುವ ರೋಗಿಯ ಕೊಳವೆಗೂ ರಕ್ತ ಸೋರದಂತೆ ಜೋಡಣೆ ಮಾಡುವುದು ದೊಡ್ಡ ತಲೆನೋವಾಗಿತ್ತು. ಅದಕ್ಕೆ ಫೋರ್ಡ್ ಕಾರಿನ ನೀರಿನ ಪಂಪ್‌ನಲ್ಲಿದ್ದ ಜೋಡಣೆಯ ಮಾದರಿ ನೆರವಾಯಿತು.

1943ರ ಮಾರ್ಚ್ 17ರಂದು ಮೊದಲ ರೋಗಿ, 29 ವರ್ಷದ ಮಹಿಳೆ. ಮೊದಲು ಅರ್ಧ ಲೀಟರ್ ರಕ್ತವನ್ನಷ್ಟೇ ಹಾಯಿಸಿದರು, ಅಪಾಯವಾಗಲಿಲ್ಲ. ದಿನೇ ದಿನೇ ಪ್ರಮಾಣ ಹೆಚ್ಚಿಸಿದರು. ಆಕೆ ಚೇತರಿಸಿಕೊಂಡು ಮಾತನಾಡಿದ ದಿನಗಳೂ ಇದ್ದವು. ಆದರೆ ಪ್ರತಿ ಬಾರಿಯೂ ಹೊಸ ರಕ್ತನಾಳವನ್ನು ಕತ್ತರಿಸಿ ತೆರೆಯಬೇಕಿತ್ತು. ಹನ್ನೆರಡು ಸಲ ಮುಗಿಯುವ ವೇಳೆಗೆ ತೆರೆಯಲು ನಾಳಗಳೇ ಉಳಿಯಲಿಲ್ಲ, ಆಕೆ ತೀರಿಕೊಂಡರು. 1944ರ ಬೇಸಿಗೆಯವರೆಗೆ ಹದಿನೈದು ಮಂದಿಗೆ ಚಿಕಿತ್ಸೆಯಾಯಿತು. ಬದುಕಿದ್ದು ಒಬ್ಬರೇ, ಅವರೂ ಯಂತ್ರವಿಲ್ಲದಿದ್ದರೂ ಉಳಿಯುತ್ತಿದ್ದರೇನೋ ಎಂಬ ಅನುಮಾನವನ್ನು ಕೋಲ್ಫ್ ಸ್ವತಃ ಬಚ್ಚಿಡಲಿಲ್ಲ. ಇಂದಿನ ನೈತಿಕ ಸಮಿತಿಯೊಂದು ಈ ಪ್ರಯೋಗವನ್ನು ಮೂರನೆಯ ಸಾವಿಗೇ ನಿಲ್ಲಿಸುತ್ತಿತ್ತು. ಅದು ತಪ್ಪೆಂದೂ ಹೇಳಲಾಗದು. ರೋಗಿಗಳೆಲ್ಲರೂ ಸಾವಿನ ಅಂಚಿನಲ್ಲೇ ಬಂದವರೆಂಬುದೊಂದೇ ಅವರಿಗಿದ್ದ ಸಮರ್ಥನೆ.

ಇದೇ ಅವಧಿಯಲ್ಲಿ ಅವರು ಇನ್ನೊಂದು ಗುಟ್ಟಿನ ಕೆಲಸವನ್ನೂ ನಡೆಸುತ್ತಿದ್ದರು. ಜರ್ಮನರು ಹಿಡಿದೊಯ್ಯಬಹುದಾದ ಜನರನ್ನು ಇಲ್ಲದ ಕಾಯಿಲೆಯ ಹೆಸರಿನಲ್ಲಿ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುತ್ತಿದ್ದರು. ಯಹೂದಿ ವೈದ್ಯ ಮಿತ್ರರೊಬ್ಬರನ್ನೂ ಅವರ ಮಗನನ್ನೂ ಕೋಲ್ಫ್ ದಂಪತಿ ಅಡಗಿಸಿ ಕಾಪಾಡಿದರು. ಇದಕ್ಕಾಗಿ ಇಸ್ರೇಲ್‌ನ ಯಾದ್ ವಶೆಮ್ ಸಂಸ್ಥೆ 2012ರಲ್ಲಿ ಅವರಿಬ್ಬರನ್ನೂ ಗೌರವಿಸಿತು.

ಯುದ್ಧ ಮುಗಿದ ಮೇಲೆ ಬಂದ ಹದಿನೇಳನೆಯ ರೋಗಿಯ ಪ್ರಸಂಗ ಕಾದಂಬರಿಕಾರನೊಬ್ಬ ಕಟ್ಟಿದಂತಿದೆ. ಸೋಫಿಯಾ ಶಾಫ್‌ಸ್ಟಾಟ್, 67 ವರ್ಷದ ಮಹಿಳೆ. ನಾತ್ಸಿಗಳ ಜೊತೆ ಕೈಜೋಡಿಸಿದ ಆರೋಪದ ಮೇಲೆ ಬಂಧನದಲ್ಲಿದ್ದವರು. ಕಾಂಪೆನ್‌ನ ಜನ ಆಕೆಯನ್ನು ದ್ವೇಷಿಸುತ್ತಿದ್ದರು, ಇಂಥವಳನ್ನು ಏಕೆ ಉಳಿಸಬೇಕೆಂಬ ಮಾತು ಊರಿನಲ್ಲಿತ್ತು. ಗುರುವನ್ನು ಕಳೆದುಕೊಂಡು, ನಾತ್ಸಿಯೊಬ್ಬನ ಅಡಿಯಲ್ಲಿ ಕೆಲಸ ಮಾಡಲಾರೆನೆಂದು ಊರು ಬಿಟ್ಟು ಬಂದಿದ್ದ ವೈದ್ಯರಿಗೂ ಆ ಭಾವನೆ ಬರಬಹುದಿತ್ತು. 1945ರ ಸೆಪ್ಟೆಂಬರ್ 11ರಂದು ಅವರು ಆಕೆಯನ್ನು ಯಂತ್ರಕ್ಕೆ ಜೋಡಿಸಿದರು. ಹನ್ನೊಂದೂವರೆ ಗಂಟೆಗಳ ಬಳಿಕ ಪ್ರಜ್ಞೆಯಿಲ್ಲದೆ ಮಲಗಿದ್ದ ಮಹಿಳೆ ಕಣ್ಣು ತೆರೆದರು. ಮೊದಲಿಗೆ ಆಡಿದ ಮಾತು ತಾನು ಗಂಡನಿಂದ ವಿಚ್ಛೇದನ ಪಡೆಯುತ್ತೇನೆ ಎಂಬುದು. ಹಾಗೆಯೇ ಪಡೆದರು ಕೂಡ. ಕೆಲವು ದಿನಗಳಲ್ಲಿ ಆಕೆಯ ಸ್ವಂತ ಮೂತ್ರಪಿಂಡಗಳು ಕೆಲಸ ಆರಂಭಿಸಿದವು. ಮುಂದೆ 1951ರವರೆಗೆ ಬದುಕಿದ ಆಕೆ ಬೇರೆಯೇ ಕಾರಣದಿಂದ ತೀರಿಕೊಂಡರು. ಕೃತಕ ಮೂತ್ರಪಿಂಡದಿಂದ ನಿಸ್ಸಂದೇಹವಾಗಿ ಉಳಿದ ಜಗತ್ತಿನ ಮೊದಲ ವ್ಯಕ್ತಿ ಈಕೆ.

ಈ ಪ್ರಸಂಗದಲ್ಲಿ ಒಂದು ವೈದ್ಯಕೀಯ ಅಂಶವನ್ನು ಗಮನಿಸಬೇಕು. ಸೋಫಿಯಾ ಅವರದು ದಿಢೀರ್ ಉಂಟಾದ ವೈಫಲ್ಯ. ಇಂಥ ರೋಗಿಗೆ ಜೀವನಪೂರ್ತಿ ಯಂತ್ರ ಬೇಡ. ಮೂತ್ರಪಿಂಡ ಸುಧಾರಿಸುವವರೆಗೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಆಸರೆ ಸಿಕ್ಕರೆ ಸಾಕು. ಹೊಲದಲ್ಲಿ ಕೊಳಕುಮಂಡಲದ ಕಡಿತಕ್ಕೆ ಸಿಕ್ಕವರು, ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋದ ತಾಯಂದಿರು, ವಾಂತಿಭೇದಿಯಿಂದ ಬಸವಳಿದ ಮಕ್ಕಳು ಈ ಗುಂಪಿಗೇ ಸೇರುತ್ತಾರೆ. ಕೋಲ್ಫ್ ಯಂತ್ರವನ್ನು ಕಟ್ಟಿದ್ದೂ ಮುಖ್ಯವಾಗಿ ಇಂಥವರಿಗಾಗಿಯೇ. ಬಡ ದೇಶಗಳಿಗೆ ಅತ್ಯಂತ ಅಗತ್ಯವಾಗಿದ್ದ ಬಳಕೆ ಇದೇ ಆಗಿದ್ದರೂ ಅಲ್ಲಿಗೆ ಅದು ತಲುಪಿದ್ದು ಕಡೆಯಲ್ಲಿ.

1946ರಲ್ಲಿ ಗ್ರೋನಿಂಗೆನ್ ವಿಶ್ವವಿದ್ಯಾಲಯಕ್ಕೆ ಕೋಲ್ಫ್ ತಮ್ಮ ಪ್ರಬಂಧ ಸಲ್ಲಿಸಿ ಡಾಕ್ಟರೇಟ್ ಪಡೆದರು. ಅದಕ್ಕಿಂತ ದೊಡ್ಡ ಕೆಲಸವೊಂದನ್ನು ಅವರು ಸದ್ದಿಲ್ಲದೆ ಮಾಡಿದರು. ಯುದ್ಧಕಾಲದಲ್ಲೇ ಒಂದಕ್ಕಿಂತ ಹೆಚ್ಚು ಯಂತ್ರ ತಯಾರಿಸಿ, ಬಾಂಬಿಗೆ ಎಲ್ಲವೂ ಒಮ್ಮೆಗೇ ಬಲಿಯಾಗದಿರಲೆಂದು ಬೇರೆ ಬೇರೆ ಕಡೆ ಇರಿಸಿದ್ದರು. ಈಗ ಅವುಗಳನ್ನು ಲಂಡನ್‌ನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ, ನ್ಯೂಯಾರ್ಕ್‌ನ ಮೌಂಟ್ ಸೈನಾಯ್‌ಗೆ, ಕೆನಡಾದ ಮಾಂಟ್ರಿಯಲ್‌ಗೆ, ಪೋಲೆಂಡ್‌ಗೆ ಉಚಿತವಾಗಿ ಕಳುಹಿಸಿದರು. ಬಾಸ್ಟನ್‌ನ ವೈದ್ಯರಿಗೆ ನಕ್ಷೆಯನ್ನೇ ಕೊಟ್ಟರು. ಅದರಿಂದ ಬಂದ ಸುಧಾರಿತ ಮಾದರಿ ಕೊರಿಯಾ ಯುದ್ಧದಲ್ಲಿ ಗಾಯಗೊಂಡ ಸೈನಿಕರ ಜೀವ ಉಳಿಸಿತು. ಉರುಳೆ ಯಂತ್ರಕ್ಕೆ ಪೇಟೆಂಟ್ ಪಡೆಯುವ ಗೋಜಿಗೆ ಅವರು ಹೋಗಲಿಲ್ಲ. ಮೂತ್ರಪಿಂಡ ಚಿಕಿತ್ಸೆಯ ಕ್ಷೇತ್ರದಲ್ಲಿ ದೇಶದಿಂದ ದೇಶಕ್ಕೆ ನೆರವು ಹರಿದ ಮೊದಲ ನಿದರ್ಶನ ಇದೆಂದು ಹೇಳಬಹುದು. ಆದರೆ ಯಂತ್ರ ಹೋದ ಊರುಗಳ ಪಟ್ಟಿಯಲ್ಲಿ ಏಷ್ಯಾದ, ಆಫ್ರಿಕಾದ ಹೆಸರುಗಳಿರಲಿಲ್ಲ.

1950ರಲ್ಲಿ ಕುಟುಂಬ ಸಮೇತ ಅಮೆರಿಕಕ್ಕೆ ವಲಸೆ ಹೋದ ಕೋಲ್ಫ್ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸೇರಿದರು. ಅಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಹಣ್ಣಿನ ರಸದ ಡಬ್ಬಿ ಮತ್ತು ಕಿಟಕಿಗೆ ಹಾಕುವ ಜಾಲರಿಯನ್ನು ಇಟ್ಟುಕೊಂಡು ಸುರುಳಿಯಾಕಾರದ ಹೊಸ ಕೃತಕ ಮೂತ್ರಪಿಂಡವನ್ನು ರೂಪಿಸಿದರು. ಒಮ್ಮೆ ಬಳಸಿ ಎಸೆಯಬಹುದಾದ ಈ ಜೋಡಿ ಸುರುಳಿಯನ್ನು ಕಂಪನಿಯೊಂದು 1956ರಿಂದ ಮಾರತೊಡಗಿತು. ಆಸ್ಪತ್ರೆಗಳು ಡಯಾಲಿಸಿಸ್ ಯಂತ್ರವನ್ನು ಸಿದ್ಧ ಸರಕಾಗಿ ಕೊಳ್ಳಬಹುದಾದದ್ದು ಆಗಲೇ.

ಭಾರತಕ್ಕೆ ಡಯಾಲಿಸಿಸ್ ಬಂದ ದಾರಿಯೂ ಕ್ಲೀವ್‌ಲ್ಯಾಂಡ್‌ನಿಂದಲೇ ಹೊರಟಿತು. ಕೋಲ್ಫ್ ಅವರ ತಂಡದಲ್ಲಿದ್ದ ಜಪಾನ್ ಮೂಲದ ವೈದ್ಯ ಸತೋರು ನಕಮೊಟೊ 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ದೇಶದ ಮೊದಲ ಹೀಮೊಡಯಾಲಿಸಿಸ್ ನಡೆಸಿಕೊಟ್ಟರು. ಹತ್ತು ವರ್ಷಗಳ ಬಳಿಕ, 1971ರಲ್ಲಿ, ಅದೇ ವೆಲ್ಲೂರಿನಲ್ಲಿ ದೇಶದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆಯಿತು. ಕಿಡ್ನಿ ಕಾಯಿಲೆ ಎಂದರೆ ವೆಲ್ಲೂರಿಗೆ ಹೋಗಬೇಕು ಎಂಬ ಮಾತು ಕರ್ನಾಟಕದ ಒಳನಾಡಿನಲ್ಲೂ ಬಹುಕಾಲ ಚಾಲ್ತಿಯಲ್ಲಿದ್ದುದು ಸುಮ್ಮನೆ ಅಲ್ಲ. ಜನಸಾಮಾನ್ಯರ ಕಿವಿಗೆ ಡಯಾಲಿಸಿಸ್ ಎಂಬ ಪದ ಬಿದ್ದದ್ದು ಇನ್ನೂ ತಡವಾಗಿ. ತುರ್ತು ಪರಿಸ್ಥಿತಿಯ ಬಂಧನದಲ್ಲಿದ್ದಾಗ ಮೂತ್ರಪಿಂಡ ವಿಫಲವಾದ ಜಯಪ್ರಕಾಶ ನಾರಾಯಣ ಅವರು 1979ರಲ್ಲಿ ನಿಧನರಾಗುವವರೆಗೂ ಯಂತ್ರದ ಆಸರೆಯಲ್ಲಿದ್ದರು. ಅವರ ಯಂತ್ರಕ್ಕಾಗಿ ಸಾಮಾನ್ಯ ಜನರು ಚಿಕ್ಕ ಚಿಕ್ಕ ಮೊತ್ತದ ದೇಣಿಗೆ ನೀಡಿದ್ದರು.

ಈ ನಡುವೆ 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಟೆಫ್ಲಾನ್ ಕೊಳವೆಯೊಂದನ್ನು ರೋಗಿಯ ತೋಳಿನಲ್ಲೇ ಉಳಿಸುವ ವಿಧಾನ ಕಂಡುಹಿಡಿದರು. ಪ್ರತಿ ಸಲ ಹೊಸ ನಾಳ ಕತ್ತರಿಸುವ ಕಷ್ಟ ತಪ್ಪಿತು. ಕಾಂಪೆನ್‌ನ ಮೊದಲ ರೋಗಿಯನ್ನು ಬಲಿ ತೆಗೆದುಕೊಂಡ ತೊಡಕು ಹೀಗೆ ಬಗೆಹರಿಯಿತು, ಶಾಶ್ವತ ವೈಫಲ್ಯದವರೂ ವರ್ಷಗಟ್ಟಲೆ ಬದುಕುವಂತಾಯಿತು. ಅದರ ಬೆನ್ನಿಗೇ ಹೊಸದೊಂದು ಸಂಕಟವೂ ಬಂದಿತು. ಯಂತ್ರಗಳು ಕೆಲವು, ರೋಗಿಗಳು ನೂರಾರು. ಯಾರು ಬದುಕಬೇಕೆಂದು ಆರಿಸಲು ಸಿಯಾಟಲ್‌ನಲ್ಲಿ ನಾಗರಿಕರ ಸಮಿತಿಯೊಂದು ರಚನೆಯಾಯಿತು. ಉದ್ಯೋಗ, ಆದಾಯ, ಕುಟುಂಬ, ಚರ್ಚಿಗೆ ಹೋಗುವ ಅಭ್ಯಾಸ ಇವೆಲ್ಲ ಅಲ್ಲಿ ತೂಕಕ್ಕೆ ಬಂದವು. 1962ರಲ್ಲಿ ನಿಯತಕಾಲಿಕವೊಂದು ಇದನ್ನು ಬಯಲಿಗೆಳೆದಾಗ ದೇಶವೇ ಬೆಚ್ಚಿತು. ಕಡೆಗೆ 1972ರ ಕಾಯ್ದೆಯ ಮೂಲಕ ಅಮೆರಿಕ ಸರ್ಕಾರವೇ ವೆಚ್ಚ ಭರಿಸಲು ಮುಂದಾಯಿತು. ಬಡ ದೇಶಗಳಲ್ಲಿ ಆಯ್ಕೆ ಸಮಿತಿ ಇರಲಿಲ್ಲ. ರೋಗಿಯ ಜೇಬೇ ಆ ಕೆಲಸ ಮಾಡುತ್ತಿತ್ತು.

ಬೆಲೆಯ ಪ್ರಶ್ನೆ ಕೋಲ್ಫ್ ಅವರನ್ನೂ ಕಾಡಿತ್ತು. 1960ರ ದಶಕದ ಉತ್ತರಾರ್ಧದಲ್ಲಿ ಅವರ ತಂಡ ಮನೆಬಳಕೆಯ ಬಟ್ಟೆ ಒಗೆಯುವ ಯಂತ್ರವನ್ನೇ ಕೊಂಡು, ಅದರ ತೊಟ್ಟಿಯೊಳಗೆ ಸುರುಳಿಯನ್ನಿಟ್ಟು ಕೃತಕ ಮೂತ್ರಪಿಂಡವಾಗಿ ಮಾರ್ಪಡಿಸಿತು. ರೋಗಿಗಳು ಅದನ್ನು ಮನೆಗೆ ಒಯ್ದು ಸ್ವತಃ ಚಿಕಿತ್ಸೆ ಮಾಡಿಕೊಂಡರು. ಆಸ್ಪತ್ರೆಯ ಯಂತ್ರದ ಮುಂದೆ ಇದರ ಬೆಲೆ ಅತ್ಯಲ್ಪ. ವಿಷಯ ತಿಳಿದ ತಯಾರಿಕಾ ಕಂಪನಿ, ಏನಾದರೂ ಅವಘಡವಾದರೆ ನ್ಯಾಯಾಲಯಕ್ಕೆ ಅಲೆಯಬೇಕಾದೀತೆಂದು ಹೆದರಿ ತನ್ನ ಯಂತ್ರಗಳನ್ನು ಈ ಕೆಲಸಕ್ಕೆ ಕೊಡಲು ನಿರಾಕರಿಸಿತು. ಕಂಪನಿಯ ಭಯಕ್ಕೆ ಕಾರಣವಿರಬಹುದು. ಆದರೆ ಆ ದಾರಿ ಮುಚ್ಚದೆ ಇದ್ದಿದ್ದರೆ ಹಾಸನದಂಥ ಜಿಲ್ಲೆಗಳಿಗೆ ಡಯಾಲಿಸಿಸ್ ಬರಲು ಅಷ್ಟು ದಶಕಗಳು ಬೇಕಾಗುತ್ತಿದ್ದವೇ ಎಂಬ ಯೋಚನೆ ಬಾರದೆ ಇರದು.

1967ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅವರ ಗಮನ ಹೃದಯದ ಕಡೆಗೆ ಹೆಚ್ಚಾಗಿ ಹೊರಳಿತು. 1957ರಲ್ಲೇ ಕ್ಲೀವ್‌ಲ್ಯಾಂಡ್‌ನಲ್ಲಿ ನಾಯಿಯೊಂದಕ್ಕೆ ಕೃತಕ ಹೃದಯ ಜೋಡಿಸಿ ಒಂದೂವರೆ ಗಂಟೆ ಉಳಿಸಿದ್ದರು. ಅವರ ಮಾರ್ಗದರ್ಶನದಲ್ಲಿ ಬೆಳೆದ ಜಾರ್ವಿಕ್-7 ಎಂಬ ಹೃದಯವನ್ನು 1982ರ ಡಿಸೆಂಬರ್‌ನಲ್ಲಿ ಬಾರ್ನಿ ಕ್ಲಾರ್ಕ್ ಎಂಬ ದಂತವೈದ್ಯರಿಗೆ ಅಳವಡಿಸಲಾಯಿತು. ಅವರು 112 ದಿನ ಬದುಕಿದರು. ಪತ್ರಿಕೆಗಳು ಕೋಲ್ಫ್ ಅವರನ್ನು ನೆನೆಯುವುದು ಹೆಚ್ಚಾಗಿ ಈ ಕಾರಣಕ್ಕೆ. ಮೈಮೇಲೆ ಹೊರಬಹುದಾದ ಕೃತಕ ಮೂತ್ರಪಿಂಡದ ಪ್ರಯತ್ನವೂ ಯೂಟಾದಲ್ಲಿ ನಡೆಯಿತು. 2002ರಲ್ಲಿ ಸ್ಕ್ರಿಬ್ನರ್ ಅವರೊಡನೆ ಲಾಸ್ಕರ್ ಪ್ರಶಸ್ತಿ ಬಂದಿತು. ನೊಬೆಲ್ ಬರಲೇ ಇಲ್ಲ.

ಯಂತ್ರವನ್ನು ಕೊಟ್ಟರಷ್ಟೇ ಸಾಲದು, ಅದನ್ನು ನಡೆಸುವ ವೈದ್ಯರೂ ಬೇಕೆಂಬ ಅರಿವು ಬೇರೆ ದಿಕ್ಕಿನಿಂದ ಬಂದಿತು. ಫ್ರಾನ್ಸ್‌ನ ಜಾನ್ ಹಾಂಬುರ್ಜೆ ಅವರ ಮುಂದಾಳತ್ವದಲ್ಲಿ 1960ರಲ್ಲಿ ಎವಿಯಾನ್‌ನಲ್ಲಿ ಸೇರಿದ ಸಮ್ಮೇಳನದಿಂದ ಅಂತಾರಾಷ್ಟ್ರೀಯ ನೆಫ್ರಾಲಜಿ ಸಂಸ್ಥೆ ಹುಟ್ಟಿತು. ಆರಂಭದಲ್ಲಿ ಅದು ಸಿರಿವಂತ ದೇಶಗಳ ವಿದ್ವಾಂಸರ ಕೂಟವೇ ಆಗಿತ್ತು. 1985ರಿಂದ ಹಿಂದುಳಿದ ದೇಶಗಳ ಯುವ ವೈದ್ಯರಿಗೆ ತರಬೇತಿ ವೇತನ ಕೊಡುವ ಯೋಜನೆ ಶುರುವಾಯಿತು. ತರಬೇತಿ ಮುಗಿಸಿದವರು ತಾಯ್ನಾಡಿಗೆ ಮರಳಬೇಕೆಂಬುದು ಅದರ ಆಶಯ. 1993ರಲ್ಲಿ ಅಭಿವೃದ್ಧಿಶೀಲ ದೇಶಗಳಿಗಾಗಿಯೇ ಪ್ರತ್ಯೇಕ ಆಯೋಗ ರಚನೆಯಾಯಿತು. ಮುಂದುವರಿದ ದೇಶದ ಒಂದು ಆಸ್ಪತ್ರೆಗೂ ಬಡ ದೇಶದ ಒಂದು ಆಸ್ಪತ್ರೆಗೂ ನಂಟು ಬೆಸೆಯುವ ಸೋದರಿ ಕೇಂದ್ರಗಳ ಯೋಜನೆ ಆಮೇಲಿನದು. 2006ರಿಂದ ಮಾರ್ಚ್ ತಿಂಗಳಲ್ಲಿ ವಿಶ್ವ ಮೂತ್ರಪಿಂಡ ದಿನದ ಆಚರಣೆಯೂ ಬಂದಿತು.

ಭಾರತ ಇಲ್ಲಿ ಕೈಯೊಡ್ಡಿ ನಿಂತ ದೇಶ ಮಾತ್ರವಾಗಿರಲಿಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಕೃಪಾಲ್ ಸಿಂಗ್ ಚುಗ್ ಅವರು ಹಾವಿನ ಕಡಿತ, ಸೋಂಕು, ಹೆರಿಗೆಯ ತೊಡಕುಗಳಿಂದ ಉಂಟಾಗುವ ಮೂತ್ರಪಿಂಡ ವೈಫಲ್ಯವನ್ನು ಕುರಿತು ನಡೆಸಿದ ಅಧ್ಯಯನಗಳು ಉಷ್ಣವಲಯದ ಕಾಯಿಲೆಗಳ ಬಗ್ಗೆ ಪಾಶ್ಚಾತ್ಯ ವೈದ್ಯರಿಗೇ ಪಾಠವಾದವು. ಅಂತಾರಾಷ್ಟ್ರೀಯ ಸಂಸ್ಥೆಯ ಅಧ್ಯಕ್ಷ ಸ್ಥಾನವನ್ನು 2019ರಿಂದ 2021ರವರೆಗೆ ಭಾರತದ ಡಾ. ವಿವೇಕಾನಂದ ಝಾ ವಹಿಸಿದ್ದರು. 2025ರ ಫೆಬ್ರವರಿಯಲ್ಲಿ ಅದರ ವಿಶ್ವ ಸಮ್ಮೇಳನ ದೆಹಲಿಯಲ್ಲಿ ನಡೆಯಿತು.

ಇಷ್ಟೆಲ್ಲ ಆದರೂ ಅಂಕಿ ಅಂಶ ಸಮಾಧಾನ ಕೊಡುವುದಿಲ್ಲ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2010ರಲ್ಲಿ ಜಗತ್ತಿನಾದ್ಯಂತ 26 ಲಕ್ಷ ಜನರು ಡಯಾಲಿಸಿಸ್ ಅಥವಾ ಕಸಿಯ ನೆರವಿನಿಂದ ಬದುಕಿದ್ದರು. ಅದೇ ನೆರವು ಸಿಗದೆ ಅಕಾಲದಲ್ಲಿ ತೀರಿಕೊಂಡಿರಬಹುದಾದವರ ಸಂಖ್ಯೆ ಕನಿಷ್ಠ 22.8 ಲಕ್ಷ. ಅವರಲ್ಲಿ ಹೆಚ್ಚಿನವರು ಏಷ್ಯಾ ಮತ್ತು ಆಫ್ರಿಕಾದವರು. ಭಾರತದಲ್ಲಿ ವರ್ಷಕ್ಕೆ ಸುಮಾರು 2.2 ಲಕ್ಷ ಹೊಸ ರೋಗಿಗಳು ಕೊನೆಯ ಹಂತದ ವೈಫಲ್ಯಕ್ಕೆ ತುತ್ತಾಗುತ್ತಾರೆಂಬ ಅಂದಾಜಿನ ಮೇಲೆ ಕೇಂದ್ರ ಸರ್ಕಾರ 2016ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟಿಸಿತು. ದಿಢೀರ್ ವೈಫಲ್ಯದಿಂದ ತಡೆಯಬಹುದಾದ ಒಂದು ಸಾವೂ 2025ರ ಹೊತ್ತಿಗೆ ಸಂಭವಿಸಬಾರದೆಂಬ ಗುರಿಯನ್ನು ಅಂತಾರಾಷ್ಟ್ರೀಯ ಸಂಸ್ಥೆ ಹಾಕಿಕೊಂಡಿತ್ತು. ಆ ವರ್ಷ ಬಂದು ಹೋಯಿತು, ಗುರಿ ದೂರವೇ ಉಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನ ಮೂತ್ರಪಿಂಡದ ಆರೋಗ್ಯವನ್ನು ಕುರಿತು ನಿರ್ಣಯ ಅಂಗೀಕರಿಸಿತು. ಅದರ ಮಂಡನೆಯಲ್ಲಿ ಮುಂದಾದದ್ದು ಗ್ವಾಟೆಮಾಲಾ ಎಂಬ ಸಣ್ಣ ದೇಶ.

ಯಂತ್ರದ ಮೇಲೆ ಕೋಲ್ಫ್ ಅವರಿಗಿದ್ದ ಅಪಾರ ನಂಬಿಕೆಯನ್ನು ಬಡ ದೇಶಗಳ ವೈದ್ಯರು ಪೂರ್ತಿ ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡವನ್ನು ಮೊದಲೇ ಪತ್ತೆ ಹಚ್ಚುವುದು, ನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗದಂತೆ ತಡೆಯುವುದು ಡಯಾಲಿಸಿಸ್‌ಗಿಂತ ಎಷ್ಟೋ ಪಾಲು ಅಗ್ಗ. ಈ ವಾದದಲ್ಲಿ ಹುರುಳಿದೆ. ಆದರೆ ಕೊಳಕುಮಂಡಲ ಕಚ್ಚಿ ಮೂತ್ರ ನಿಂತುಹೋದ ಕೂಲಿ ಕಾರ್ಮಿಕನಿಗೆ ಮುನ್ನೆಚ್ಚರಿಕೆಯ ಮಾತಿನಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದದ್ದು ಸಕಾಲಕ್ಕೆ ಪ್ರತಿವಿಷ ಮತ್ತು ಹತ್ತಿರದಲ್ಲೊಂದು ಯಂತ್ರ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಸರ್ಕಾರಿ ಕೇಂದ್ರಗಳಲ್ಲಿ ಒಬ್ಬ ರೋಗಿಗೆ ಒಮ್ಮೆ ಮಾತ್ರ ಬಳಸುವ ಡಯಲೈಸರ್‌ಗಳನ್ನು ಪರಿಚಯಿಸಿದ್ದೂ ಅದೇ ವರ್ಷ. ಅದಕ್ಕೆ ಮುನ್ನ ತೊಳೆದು ಮತ್ತೆ ಮತ್ತೆ ಬಳಸುವುದು ರೂಢಿಯಲ್ಲಿತ್ತು, ಸೋಂಕಿನ ಭಯವೂ ಇತ್ತು. ಬಳಸಿ ಎಸೆಯುವ ಸುರುಳಿಯನ್ನು ಕೋಲ್ಫ್ ರೂಪಿಸಿ ಆ ವೇಳೆಗೆ ಅರವತ್ತೆಂಟು ವರ್ಷಗಳಾಗಿದ್ದವು.

ಕೋಲ್ಫ್ ಅವರು ವೃದ್ಧಾಪ್ಯದಲ್ಲೂ ಕೆಲಸ ಬಿಡಲಿಲ್ಲ, ಎಂಬತ್ತು ದಾಟಿದ ಮೇಲೂ ಹೊಸ ಸಾಧನಗಳ ಯೋಚನೆಯಲ್ಲಿದ್ದರು. 2009ರ ಫೆಬ್ರವರಿ 11ರಂದು, 98 ತುಂಬಲು ಮೂರು ದಿನ ಬಾಕಿಯಿದ್ದಾಗ, ಪೆನ್ಸಿಲ್ವೇನಿಯಾದಲ್ಲಿ ನಿಧನರಾದರು. ಅವರು ಕಟ್ಟಿದ ಮರದ ಉರುಳೆಯ ಯಂತ್ರವನ್ನು ಹುಟ್ಟೂರು ಲೈಡನ್‌ನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.